ಗುಂಡಿಯ ಬಿನ್ನಹ

ಸಂತೇಬೆನ್ನೂರಿನ ಪುಷ್ಕರಣಿಯ ಮೆಟ್ಟಿಲುಗಳನ್ನು ಇಳಿಯುವವನು ತನ್ನ ಕಾಲುಗಳನ್ನು ನಂಬಿರುತ್ತಾನೆ. ಲಿಫ್ಟನ್ನು ಏರುವ ನಾವು ನಂಬುವುದು ಯಾವುದನ್ನು? ಗುಂಡಿಯನ್ನೆಂದು ಹಲವರ ಎಣಿಕೆ. ಆದರೆ ಗುಂಡಿಗೆ ಲಿಫ್ಟನ್ನು ನಡೆಸುವ ಅಧಿಕಾರವಿಲ್ಲ. ಅದು ಬಿನ್ನಹವನ್ನು ಮಾತ್ರ ಸಲ್ಲಿಸುತ್ತದೆ.

ಕೋಲಾರದ ಚಿನ್ನದ ಗಣಿಗಳು 3 ಕಿಲೋಮೀಟರಿಗೂ ಮಿಕ್ಕ ಆಳಕ್ಕಿಳಿದು, 2001ರಲ್ಲಿ ಮುಚ್ಚಿದುವು. ಅಲ್ಲಿ ಕೆಲಸ ನಡೆಯುತ್ತಿದ್ದಾಗ, ಪಂಜರವನ್ನೇರಿದವರ ಇಚ್ಛೆಯನ್ನು ಗಂಟೆಯ ಸಂಜ್ಞೆಯು ಯಂತ್ರಚಾಲಕನಿಗೆ ತಿಳಿಸುತ್ತಿದ್ದಿತು, ಎತ್ತುವವನು ಆತನು. ಲಿಫ್ಟಿನಲ್ಲಿ ಆ ಚಾಲಕನ ಸ್ಥಾನದಲ್ಲಿರುವುದು ನಿಯಂತ್ರಕ. ಹಿಂದೆ ಅದು ವಿದ್ಯುತ್ಕಾಂತದ ರಿಲೇಗಳ ಸಮೂಹವಾಗಿತ್ತು. ಈಗ ಸಣ್ಣ ಗಣಕಯಂತ್ರವಾಗಿದೆ. ಬಂದ ಕರೆಯನ್ನು ಅದು ನೆನಪಿನಲ್ಲಿಟ್ಟು ಗುಂಡಿಯ ದೀಪವನ್ನು ಹೊತ್ತಿಸುತ್ತದೆ. ಏರುವಾಗ ಮೇಲೆ ಹೋಗತಕ್ಕವರನ್ನೂ ಇಳಿಯುವಾಗ ಕೆಳಗೆ ಹೋಗತಕ್ಕವರನ್ನೂ ದಾರಿಯುದ್ದಕ್ಕೂ ಕೂಡಿಸಿಕೊಳ್ಳುತ್ತದೆ. ಆದುದರಿಂದ ಒಂದೇ ಗುಂಡಿಯನ್ನು ಪದೇ ಪದೇ ಒತ್ತಿ ಫಲವಿಲ್ಲ. ಏರುವ, ಇಳಿಯುವ ಗುಂಡಿಗಳೆರಡನ್ನೂ ಒತ್ತಿದರೆ ಪರರಿಗೆ ವೃಥಾ ವಿಳಂಬ.

ಹೊರಡುವ ಮೊದಲು ಇನ್ನೊಂದು ಪರೀಕ್ಷೆಯುಂಟು. ಎಲ್ಲ ಅಂತಸ್ತುಗಳ ಬಾಗಿಲ ಬೀಗಗಳೂ ಸರಪಣಿಯ ಕೊಂಡಿಗಳಂತೆ ಒಂದೇ ವಿದ್ಯುನ್ಮಾರ್ಗದಲ್ಲಿ ಸೇರಿವೆ. ಒಂದು ತೆರೆದರೂ ಪ್ರವಾಹವು ಕಡಿದು ಮೋಟಾರು ನಿಲ್ಲುತ್ತದೆ. ಬ್ರೇಕನ್ನು ಬಿಗಿಹಿಡಿಯುವುದು ಸ್ಪ್ರಿಂಗು; ಸಡಿಲಿಸುವುದು ವಿದ್ಯುತ್ತು. ವಿದ್ಯುತ್ತು ಹೋದಾಗ ಲಿಫ್ಟು ಬೀಳದೆ ನಿಲ್ಲುವುದು ಇದರಿಂದಲೇ.

ಹಾಗೆ ನಡುವೆ ನಿಂತಾಗ ಬಾಗಿಲನ್ನು ಬಲವಂತದಿಂದ ತೆರೆದು ಹೊರಬರಲೆತ್ನಿಸುವುದರಲ್ಲಿಯೇ ಪ್ರಾಣಾಪಾಯವಿದೆ. ಎಚ್ಚರಿಕೆಯ ಗಂಟೆಯನ್ನೊತ್ತಿ ಒಳಗೇ ಕಾದಿರುವುದು ಕ್ಷೇಮ.