ಶ್ವಾಸಕೋಶದ ಗಂತಿಗೆ ಗುರಿಯಿಟ್ಟ ಕಿರಣ

ರೋಗವನ್ನು ಕೊಲ್ಲಬಲ್ಲ ಶಕ್ತಿ ರೋಗಿಯನ್ನೂ ಕೊಲ್ಲಬಲ್ಲುದು. ಔಷಧಗಳ ವಿಷಯದಲ್ಲಿ ಎಲ್ಲರೂ ಬಲ್ಲ ಈ ಮಾತು ಕ್ಷಕಿರಣಗಳ ವಿಷಯದಲ್ಲಿ ಇನ್ನೂ ಹೆಚ್ಚು ನಿಜ. 1895ರಲ್ಲಿ ಜರ್ಮನಿಯ ರಾಂಟ್‌ಗೆನ್ ಇವನ್ನು ಕಂಡುಹಿಡಿದ ಕೆಲವೇ ವರ್ಷಗಳಲ್ಲಿ ವೈದ್ಯರು ಏಡಿಗಂತಿಯ, ಎಂದರೆ ಕ್ಯಾನ್ಸರಿನ, ಚಿಕಿತ್ಸೆಗೆ ಇವನ್ನು ಬಳಸತೊಡಗಿದರು. ಗಂತಿಯನ್ನು ನಾಶಪಡಿಸಿ ಸುತ್ತಲಿನ ಅಂಗಗಳನ್ನು ಉಳಿಸುವ ಬಗೆ ಹೇಗೆ ಎಂಬುದೇ ಅಂದಿನಿಂದಲೂ ಅವರನ್ನು ಕಾಡಿದ ಪ್ರಶ್ನೆ.

ಕಿರಣದ ಪ್ರಮಾಣವನ್ನು 'ಗ್ರೇ' ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಕಿಲೋಗ್ರಾಂ ವಸ್ತು ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. 60 ಗ್ರೇ ಶಕ್ತಿಯಿಂದ ನೀರಿನ ಉಷ್ಣತೆ ಒಂದು ಡಿಗ್ರಿಯ ಎಪ್ಪತ್ತರಲ್ಲೊಂದು ಪಾಲಿನಷ್ಟು ಮಾತ್ರ ಏರುತ್ತದೆ. ಹಾಗಾದರೆ ಗಂತಿ ಸಾಯುವುದು ಶಾಖದಿಂದಲ್ಲ. ಕಿರಣವು ಜೀವಕೋಶದ ಒಳಹೊಕ್ಕು ಡಿ.ಎನ್.ಎ. ಎಳೆಗಳನ್ನು ತುಂಡರಿಸುತ್ತದೆ, ಹಾಗೆ ಕೆಟ್ಟ ಕೋಶ ಇಬ್ಭಾಗವಾಗಿ ಬೆಳೆಯಲಾರದೆ ಅಳಿಯುತ್ತದೆ.

ಹಳೆಯ ಪದ್ಧತಿಯಲ್ಲಿ ದಿನಕ್ಕೆ 2 ಗ್ರೇಯಂತೆ ಆರು ವಾರ ಚಿಕಿತ್ಸೆ ನಡೆಯುತ್ತಿತ್ತು. ಒಳ್ಳೆಯ ಕೋಶಗಳು ರಾತ್ರಿ ಕಳೆಯುವುದರಲ್ಲಿ ಚೇತರಿಸಿಕೊಳ್ಳಲೆಂಬುದು ಇದರ ಉದ್ದೇಶ. ಆದರೆ ಗಂತಿಯೂ ಅಷ್ಟಿಷ್ಟು ಚೇತರಿಸಿಕೊಂಡು ಎಷ್ಟೋ ವೇಳೆ ಮತ್ತೆ ಬೆಳೆಯುತ್ತಿತ್ತು.

ಇದಕ್ಕೆ ಪರಿಹಾರ ದೊರೆತದ್ದು ರೇಖಾಗಣಿತದಿಂದ. ಜಾತ್ರೆಗೆ ಬರುವ ಜನ ಒಂದೊಂದು ಕಾಲುದಾರಿಯಲ್ಲೂ ವಿರಳವಾಗಿರುತ್ತಾರೆ; ತೇರಿನ ಬಳಿ ಕಾಲಿಡಲು ಸ್ಥಳವಿರದು. ಹಾಗೆಯೇ ಹತ್ತು ಹನ್ನೆರಡು ದಿಕ್ಕುಗಳಿಂದ ಕಿರಣ ಹಾಯಿಸಿದರೆ, ದಾರಿಯ ಅಂಗಾಂಶಕ್ಕೆ ಒಂದೊಂದು ಪಾಲೂ ಅವು ಸಂಧಿಸುವ ಗಂತಿಗೆ ಎಲ್ಲ ಪಾಲೂ ದಕ್ಕುತ್ತವೆ. ಸ್ವೀಡನ್ನಿನ ಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್ 1951ರಲ್ಲಿ ಮೆದುಳಿನ ಚಿಕಿತ್ಸೆಗೆ ಈ ತತ್ತ್ವವನ್ನು ಮುಂದಿಟ್ಟರು. ತಲೆಬುರುಡೆಯನ್ನು ಅಲುಗದಂತೆ ಹಿಡಿದಿಡಬಹುದು. ಶ್ವಾಸಕೋಶದ ಮಾತು ಬೇರೆ. ಅದರ ಕೆಳಭಾಗದ ಗಂತಿ ಒಂದೊಂದು ಉಸಿರಿಗೂ ಒಂದು ಸೆಂಟಿಮೀಟರಿಗೂ ಮಿಕ್ಕಿ ಸರಿಯಬಹುದು. 1990ರ ದಶಕದ ಮೊದಲಲ್ಲಿ ಸ್ಟಾಕ್‌ಹೋಮಿನ ಕರೊಲಿನ್‌ಸ್ಕಾ ಆಸ್ಪತ್ರೆಯಲ್ಲಿ ಲ್ಯಾಕ್ಸ್ ಮತ್ತು ಬ್ಲೂಮ್‌ಗ್ರೆನ್ ಎಂಬವರು ರೋಗಿಯ ದೇಹವನ್ನು ಒಂದು ಚೌಕಟ್ಟಿನಲ್ಲಿ ಮಲಗಿಸಿ, ಹೊಟ್ಟೆಯನ್ನು ಮೆಲ್ಲನೆ ಒತ್ತಿಹಿಡಿದು ಈ ಚಲನೆಯನ್ನು ತಗ್ಗಿಸಿದರು. ಈಗ ಉಸಿರಿನ ಒಂದೊಂದು ಹಂತದಲ್ಲೂ ಗಂತಿ ಎಲ್ಲಿರುವುದೆಂದು ಸ್ಕ್ಯಾನ್ ಯಂತ್ರದಿಂದ ಮೊದಲೇ ಗುರುತಿಸಿ, ಪ್ರತಿ ಸರದಿಯಲ್ಲೂ ಮತ್ತೊಮ್ಮೆ ಚಿತ್ರ ತೆಗೆದು ನೋಡಿಯೇ ಕಿರಣ ಬಿಡುತ್ತಾರೆ.

ಇದರಿಂದಾದ ಲಾಭವೇನು? ಮುಪ್ಪಿನಿಂದಲೋ ಹೃದಯ ಶ್ವಾಸಕೋಶಗಳ ದೌರ್ಬಲ್ಯದಿಂದಲೋ ಶಸ್ತ್ರಕ್ರಿಯೆಯನ್ನು ತಾಳಲಾರದವರಿಗೆ ಹಿಂದೆ ಆಸೆ ಕಡಮೆ. ಅಂಥ 55 ಮಂದಿಗೆ ಅಮೆರಿಕದಲ್ಲಿ ಕೇವಲ ಮೂರು ಸರದಿಗಳಲ್ಲಿ ಒಟ್ಟು 54 ಗ್ರೇ ಕೊಟ್ಟು ಪರೀಕ್ಷಿಸಿದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಮೊತ್ತ ಹಿಂದಿನ 60ಕ್ಕಿಂತ ಕಡಮೆಯೆನಿಸಿದರೂ, ಒಂದೊಂದು ಸರದಿಯ ಪ್ರಮಾಣ ಬಹು ದೊಡ್ಡದಾದ ಕಾರಣ ಗಂತಿಯ ಮೇಲೆ ಅದರ ಪರಿಣಾಮ ಇಮ್ಮಡಿಗೂ ಹೆಚ್ಚೆಂದು ಲೆಕ್ಕ. ಮೂರು ವರ್ಷಗಳ ತರುವಾಯವೂ ಚಿಕಿತ್ಸೆಗೊಳಗಾದ ಗಂತಿ ಶೇಕಡಾ 97.6ರಷ್ಟು ಹತೋಟಿಯಲ್ಲಿತ್ತು. ಆದರೆ ಬದುಕಿದ್ದವರು ಶೇಕಡಾ 55.8 ಮಾತ್ರ. ರೋಗ ಬೇರೆಡೆಗೆ ಹರಡಿಯೂ, ಮೊದಲೇ ಇದ್ದ ಇತರ ಕಾಯಿಲೆಗಳಿಂದಲೂ ಉಳಿದವರು ತೀರಿಕೊಂಡರು. ಒಂದು ಗಂತಿಯನ್ನು ಗೆಲ್ಲುವುದು ಬೇರೆ, ಆಯುಸ್ಸನ್ನು ಗೆಲ್ಲುವುದು ಬೇರೆ.

ಈ ಚಿಕಿತ್ಸೆಗೆ ಎಲ್ಲೆಯೂ ಉಂಟು. ಶ್ವಾಸಕೋಶದ ಅಂಚಿನಲ್ಲಿ ಒಂದಿಷ್ಟು ಅಂಗಾಂಶ ಕೆಟ್ಟರೆ ಉಳಿದ ಭಾಗ ಉಸಿರಾಡುತ್ತದೆ; ಮುಖ್ಯ ಶ್ವಾಸನಾಳ ಕೆಟ್ಟರೆ ಅದರಾಚೆಯ ಭಾಗವೆಲ್ಲ ನಿಷ್ಫಲ. ನಾಳಗಳ ಸಮೀಪದ ಗಂತಿಗಳಿಗೂ ಮೂರೇ ಸರದಿಗಳಲ್ಲಿ ಭಾರಿ ಪ್ರಮಾಣ ಕೊಟ್ಟಾಗ ತೀವ್ರ ಹಾನಿಯಾಯಿತೆಂಬ ಎಚ್ಚರಿಕೆ 2006ರಲ್ಲೇ ಬಂದಿತು. ಅಂಥವರಿಗೆ ಈಗ ಐದು ಅಥವಾ ಎಂಟು ಸರದಿಗಳಲ್ಲಿ ಹಂಚಿ ಕೊಡುತ್ತಾರೆ. ದೇಹದಾರ್ಢ್ಯವುಳ್ಳವರಿಗೆ ಶಸ್ತ್ರಕ್ರಿಯೆಯೇ ಇಂದಿಗೂ ಮೊದಲ ಮಾರ್ಗ.

ಗಂತಿ ಚಿಕ್ಕದಾಗಿರುವಾಗ ಮಾತ್ರ ಈ ಗುರಿ ಸಫಲ. ಚಿಕ್ಕ ಗಂತಿಯಾದರೋ ಸಾಮಾನ್ಯವಾಗಿ ನೋವು ಕೊಡದೆ ಅಡಗಿರುತ್ತದೆ. ಬಹುಮಂದಿಯಲ್ಲಿ ರೋಗ ಹರಡಿದ ಮೇಲೆಯೇ ಗೊತ್ತಾಗುತ್ತದೆ. ಕಿರಣಕ್ಕೆ ಗುರಿಯಿಡುವ ವಿದ್ಯೆ ಇಷ್ಟು ಮುಂದುವರಿದಿದೆ. ಗುರಿಯನ್ನು ಸಕಾಲದಲ್ಲಿ ಕಾಣುವ ಕೆಲಸ ಇನ್ನೂ ಮುಂದುವರಿಯಬೇಕಾಗಿದೆ.