ಗಾಡಿಯ ಹಿಂಬದಿಯ ಕಾರ್ಪೆಟ್ಟಿಗೆ ಕೀಟನಾಶಕ ಚೆಲ್ಲಿದರೆ

ಜಹೀರಾಬಾದಿನ ಕಬ್ಬಿಗಾಗಲಿ, ನಾರಾಯಣಖೇಡದ ಹತ್ತಿಗಾಗಲಿ, ತಾಂಡೂರಿನ ತೊಗರಿಗಾಗಲಿ ಬೇಕಾದ ಗೊಬ್ಬರ, ಬೀಜ, ಕೀಟನಾಶಕ ಎಲ್ಲವೂ ನಮ್ಮ ಗಾಡಿಯ ಹಿಂಬದಿಯಲ್ಲೇ ಬರುತ್ತವೆ. ಭಾನುವಾರ ಅದೇ ಜಾಗದಲ್ಲಿ ಮಕ್ಕಳು ಕೂರುತ್ತಾರೆ.

ಕಾರ್ಪೆಟ್ ಬರೀ ಹರಿದಿದ್ದರೆ ಅವಸರವಿಲ್ಲ. ಆದರೆ ನಾವು ಔಷಧವೆಂದು ಕರೆಯುವ ವಿಷ ಅದರ ಮೇಲೆ ಚೆಲ್ಲಿದ್ದರೆ ತಡಮಾಡಬಾರದು. ಕಾರ್ಪೆಟ್ಟೂ ಅದರಡಿಯ ಫೆಲ್ಟೂ ವಿಷವನ್ನು ಹೀರಿಕೊಳ್ಳುತ್ತವೆ. ತೊಳೆದರೆ ವಾಸನೆ ತಗ್ಗೀತು, ವಿಷ ಪೂರ್ತಿ ಹೋಗದು. ಕ್ಲೋರ್‌ಪೈರಿಫಾಸ್‌ನಂಥವು ಚರ್ಮದ ಮೂಲಕವೂ ಮೈ ಸೇರುತ್ತವೆ. 1958ರಲ್ಲಿ ಹಡಗಿನಲ್ಲಿ ಗೋಧಿ ಹಿಟ್ಟಿನ ಜೊತೆ ಸಾಗಿಸಿದ ಫಾಲಿಡಾಲ್ ಸೋರಿ, ಆ ಹಿಟ್ಟು ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು.

ರಬ್ಬರ್ ಗ್ಲೌಸ್ ಹಾಕಿಕೊಂಡು, ಬಾಗಿಲು ತೆರೆದಿಟ್ಟು, ಕಾರ್ಪೆಟ್ಟನ್ನು ಫೆಲ್ಟ್ ಸಮೇತ ಕಿತ್ತು ತೆಗೆಯಿರಿ. ಅದನ್ನು ಕೊಟ್ಟಿಗೆಯಲ್ಲಿ ಹಾಸಬೇಡಿ (ಏನನ್ನೂ ಬಿಸಾಡಲು ನಮಗೆ ಮನಸ್ಸು ಬಾರದು, ಅದೇ ತೊಂದರೆ). ಸುಡಬೇಡಿ, ಕೆರೆಯಲ್ಲಿ ತೊಳೆಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ವಿಷ ತಾಗಿದೆಯೆಂದು ತಿಳಿಸಿ ಕಸದ ಗಾಡಿಗೆ ಕೊಡಿ.

ತಳದ ತಗಡನ್ನು ಸೋಪು ನೀರಿನ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ ಒಣಗಿಸಿ. ಯೂರಿಯಾ, ಪೊಟ್ಯಾಷ್ ಬಿದ್ದಲ್ಲಿ ತುಕ್ಕು ಹಿಡಿದಿರುತ್ತದೆ. ಅದನ್ನು ಉಜ್ಜಿ ತೆಗೆದು ರೆಡ್ ಆಕ್ಸೈಡ್ ಬಳಿಯಿರಿ. ಬಣ್ಣ ಚೆನ್ನಾಗಿ ಒಣಗಿದ ಮೇಲೆ ಹಳೆಯ ಪೇಪರ್ ಹಾಸಿ ಅಳತೆ ಕತ್ತರಿಸಿಕೊಳ್ಳಿ. ರೈತರ ಗಾಡಿಗೆ ಮತ್ತೆ ಕಾರ್ಪೆಟ್ ಬೇಡವೆಂಬುದೇ ನಮ್ಮ ಅಭಿಪ್ರಾಯ. ಹೊರತೆಗೆದು ತೊಳೆಯಬಹುದಾದ ದಪ್ಪ ರಬ್ಬರ್ ಮ್ಯಾಟ್ ಸಾಕು. ಕೀಟನಾಶಕದ ಡಬ್ಬಿಗಳನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ನಿಲ್ಲಿಸಿ ತನ್ನಿ. ಅಕ್ಕಿ, ಹಿಟ್ಟು ಬೇರೆ ದಿನ ಬರಲಿ.

ಗಾಡಿಯಲ್ಲಿ ಕೂತು ಬಂದವರಿಗೆ ತಲೆನೋವು, ವಾಂತಿ, ಜೊಲ್ಲು, ವಿಪರೀತ ಬೆವರು ಕಂಡರೆ ಬಟ್ಟೆ ಬದಲಿಸಿ, ಮೈಯನ್ನು ಸೋಪಿನಿಂದ ತೊಳೆದು, ಡಬ್ಬಿಯ ಲೇಬಲ್ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.