ಕಾರ್ಡ್ ಇಲ್ಲದವರನ್ನು ದೇಹ ಕೊಲ್ಲುತ್ತಾ? ಇಲಿ ಹೇಳುವ ಉತ್ತರ ಬೇರೆ

ಮನುಷ್ಯರಿಗೆ ಆಧಾರ್ ಆಯ್ತು, ಈಗ ದನಗಳ ಕಿವಿಗೂ 12 ಅಂಕಿಯ ಓಲೆ ಬಂದಿದೆ. ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರ ಇರುವ ಅಜ್ಜಂಪುರದಂಥ ಊರಲ್ಲಿ ಈ ನಂಬರುಗಳು ದಿನದ ಮಾತು. ನಂಬರ್ ಇಲ್ಲದವರ ಮೇಲೆ ಅನುಮಾನ ಪಡೋದು ಸಹಜ ಅನ್ನುವವರು ಒಂದು ಉದಾಹರಣೆ ಕೊಡ್ತಾರೆ: 'ನಮ್ಮ ದೇಹವೂ ಹೊರಗಿನವರನ್ನು ಗುರುತಿಸಿ ಕೊಲ್ಲುತ್ತೆ ತಾನೇ?' ನಿಜಕ್ಕೂ ದೇಹ ಏನು ಮಾಡುತ್ತೆ, ನೋಡೋಣ.

1975ರಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ರೋಲ್ಫ್ ಕೀಸ್ಲಿಂಗ್ ಮತ್ತು ಸಂಗಡಿಗರು ಇಲಿಗಳಲ್ಲಿ ಒಂದು ಬಗೆಯ ಬಿಳಿ ರಕ್ತಕಣ ಕಂಡರು. ಹಿಂದೆಂದೂ ಎದುರಾಗದ ಕ್ಯಾನ್ಸರ್ ಕೋಶಗಳನ್ನೂ ಅವು ಕೊಲ್ಲುತ್ತಿದ್ದವು. ಅದಕ್ಕೇ 'ನ್ಯಾಚುರಲ್ ಕಿಲ್ಲರ್', ಅಂದರೆ ಎನ್‌ಕೆ ಕೋಶ ಅನ್ನೋ ಹೆಸರು.

ಇವು ಶತ್ರುವನ್ನು ಗುರುತಿಸೋದು ಹೇಗೆ? 1986ರಲ್ಲಿ ಕ್ಲಾಸ್ ಕಾರೆ ತಂಡ ಒಂದೇ ಇಲಿ ಕ್ಯಾನ್ಸರಿನ ಎರಡು ಬಗೆಗಳನ್ನು ಹೋಲಿಸಿತು. ಮೈಮೇಲೆ ಎಂಎಚ್‌ಸಿ ಕ್ಲಾಸ್ 1 ಎಂಬ ಪ್ರೋಟೀನ್ ಇದ್ದ ಕೋಶಗಳು ಬೆಳೆದವು. ಅದು ತೀರಾ ಕಡಿಮೆ ಇದ್ದವನ್ನು ಎನ್‌ಕೆ ಮುಗಿಸಿದವು. ಅಂದರೆ ಎನ್‌ಕೆ ಹುಡುಕೋದು ಪರಕೀಯರನ್ನಲ್ಲ, ಕಾಣೆಯಾದ 'ನಮ್ಮತನ'ವನ್ನು. ವೈರಸ್ ಹೊಕ್ಕಾಗ, ಕ್ಯಾನ್ಸರ್ ಆದಾಗ ಎಷ್ಟೋ ಸಲ ಈ ಗುರುತು ಮಾಯವಾಗುತ್ತೆ.

ಗುರುತನ್ನು ಓದುವ ಸ್ಕ್ಯಾನರ್ 1992ರಲ್ಲಿ ಸಿಕ್ತು. ಅದರ ಹೆಸರು ಲೈ49. ಎಂಎಚ್‌ಸಿ ತಗುಲಿದ ಕೂಡಲೇ ಅದು ಎನ್‌ಕೆಗೆ ಬ್ರೇಕ್ ಹಾಕುತ್ತೆ. ಮನುಷ್ಯರಲ್ಲಿ ಈ ಕೆಲಸ ಮಾಡೋದು ಕೆಐಆರ್ ಎಂಬ ಬೇರೆಯೇ ಪ್ರೋಟೀನ್ ಕುಟುಂಬ. ದನಗಳಲ್ಲೂ ಕೆಐಆರ್ ಜೀನ್‌ಗಳೇ ಹಲವು. ಈ ವಿಷಯದಲ್ಲಿ ಅಜ್ಜಂಪುರದ ರಾಸು ಇಲಿಗಿಂತ ನಮಗೇ ಹತ್ತಿರ.

ಇಷ್ಟು ಕೇಳಿ 'ನೋಡಿದ್ರಾ, ಕಾರ್ಡ್ ಇಲ್ಲದಿದ್ರೆ ಸಾವು' ಅನ್ನಬೇಡಿ. ಮುಖ್ಯವಾದ ಮೂರು ವಿಷಯ ಬಾಕಿ ಇವೆ.

ಒಂದು, ಬ್ರೇಕ್ ಬಿಟ್ಟರೆ ಸಾಲದು, ಆಕ್ಸಿಲರೇಟರ್ ಒತ್ತಬೇಕು. ಒತ್ತಡಕ್ಕೆ ಸಿಕ್ಕ ಕೋಶ ಹೊರತೋರುವ ಪ್ರೋಟೀನುಗಳನ್ನು ಎನ್‌ಕೆಜಿ2ಡಿಯಂಥ ಗ್ರಾಹಕಗಳು ಹಿಡಿದಾಗ ಮಾತ್ರ ದಾಳಿ. ನಮ್ಮ ಕೆಂಪು ರಕ್ತಕಣಗಳ ಬಳಿ ಎಂಎಚ್‌ಸಿ ಕಾರ್ಡ್ ಹೆಚ್ಚುಕಡಿಮೆ ಇಲ್ಲ. ಆದ್ರೂ ಎನ್‌ಕೆ ಅವನ್ನು ಮುಟ್ಟಲ್ಲ.

ಎರಡು, ಹುಟ್ಟಿನಿಂದಲೇ ಯಾವ ಕೋಶಕ್ಕೂ ಸರಿಯಾಗಿ ಎಂಎಚ್‌ಸಿ ಇಲ್ಲದ ಇಲಿಗಳನ್ನು ಲ್ಯಾಬಿನಲ್ಲಿ ರೂಪಿಸಿದಾಗ, ಎನ್‌ಕೆ ಸ್ವಂತ ದೇಹವನ್ನು ನಾಶ ಮಾಡಲಿಲ್ಲ, ತಾವೇ ಮಂಕಾದವು. 'ನಮ್ಮವರು ಯಾರು' ಅಂತ ಕಲಿಯದ ಎನ್‌ಕೆಗೆ ಕೊಲ್ಲುವ ಪೂರ್ತಿ ಲೈಸೆನ್ಸ್ ಸಿಗಲ್ಲ.

ಮೂರು, ಕಾರ್ಡ್ ನಕಲಿಯೂ ಆಗಬಹುದು. ಇಲಿಯ ಸೈಟೊಮೆಗಲೊ ವೈರಸ್ ಎಂ157 ಎಂಬ ಎಂಎಚ್‌ಸಿ-ಹೋಲುವ ಪ್ರೋಟೀನ್ ತಯಾರಿಸುತ್ತೆ. ಕೆಲವು ಇಲಿ ತಳಿಗಳಲ್ಲಿ ಅದು ಬ್ರೇಕ್ ಒತ್ತಿ ಬಚಾವಾಗುತ್ತೆ. ಆದರೆ ಸಿ57 ಬ್ಲ್ಯಾಕ್ 6 ತಳಿಯ ಲೈ49ಎಚ್ ಅದೇ ನಕಲಿಯನ್ನು ಹಿಡಿದು ದಾಳಿ ಶುರುಮಾಡುತ್ತೆ ಅಂತ 2002ರಲ್ಲಿ ಗೊತ್ತಾಯ್ತು.

ಇಲಿಯ ದೇಹ ನೋಡಿ ಪೌರತ್ವದ ಕಾನೂನು ಬರೆಯೋಕಾಗಲ್ಲ. ನಾಗರಿಕರು ಕೋಶಗಳಲ್ಲ, ಅವರಿಗೆ ಹಕ್ಕುಗಳಿವೆ. ಆದ್ರೂ ದೇಹದ ಉದಾಹರಣೆ ಕೊಡಲೇಬೇಕು ಅನ್ನುವವರು ಪೂರ್ತಿ ಕೊಡಲಿ: ಬರೀ ಕಾರ್ಡ್ ನೋಡಿ ಇಲಿಯ ಎನ್‌ಕೆ ಕೋಶವೂ ತೀರ್ಪು ಕೊಡಲ್ಲ.